ಎಂಟು ಅಡಿ ಫ್ಲೆಕ್ಸಿನಲ್ಲಿ ನನ್ನ ಹೆಂಡತಿಯ ಕೈ

ನಮ್ಮ ಅಡುಗೆ ಕೋಣೆ ಎಂಟು ಅಡಿ ಉದ್ದ, ಆರು ಅಡಿ ಅಗಲ. ಒಳಗಿನ ಮೂಲೆಯಲ್ಲಿ ಒಲೆ, ಅದರ ಮೇಲೊಂದು ಸಣ್ಣ ಕಿಟಕಿ, ಗೋಡೆಗೆ ನೀರಿನ ಕೊಡಗಳು. ನಡುವೆ ಫರಸಿ ಕಲ್ಲಿನ ನೆಲದ ಮೇಲೆ ನನ್ನ ಹೆಂಡತಿ. ಅವಳು ರೊಟ್ಟಿ ಬಡಿಯಲು ಕೂತಳೆಂದರೆ ಇನ್ನೊಬ್ಬರು ಒಳಗೆ ಕಾಲಿಡುವ ಹಾಗಿಲ್ಲ. ಬಾಗಿಲಲ್ಲಿ ನಿಂತರೂ ಬೈಗುಳ ತಪ್ಪುವುದಿಲ್ಲ.

"ಬಾಗಲದಾಗ ನಿಂದ್ರಬ್ಯಾಡ್ರಿ. ಗಾಳಿ ನೀವ ಕುಡಿಯಾಕತ್ತೀರಿ" ಎನ್ನುತ್ತಾಳೆ.

ನನ್ನದು ಶಹಾಪುರದಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ. ದಿನವೆಲ್ಲ ಪಾಸ್‌ಪೋರ್ಟ್ ಫೋಟೋ, ಹಂಗಾಮಿನಲ್ಲಿ ಮದುವೆ. ನಾನು ಅಕ್ಷರ ಕಲಿತದ್ದು ಹದಿನೆಂಟು ತುಂಬಿದ ಮೇಲೆ. ಅಲ್ಲಿಯವರೆಗೆ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡಿದೆ. ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ, ಎರಡು ಸಲ ನಪಾಸಾಗಿ, ಮೂರನೇ ಸಲಕ್ಕೆ ಹತ್ತನೇ ಇಯತ್ತೆ ದಾಟಿದೆ. ಫೋಟೋ ಕೆಲಸ ಮಾತ್ರ ಪುಸ್ತಕದಿಂದ ಬಂದದ್ದಲ್ಲ. ಒಬ್ಬ ಹಿರಿಯರ ಕೈಕೆಳಗೆ ದೀಪ ಹಿಡಿದು ನಿಂತು ಬಂದದ್ದು.

ಹೈದರಾಬಾದಿನಿಂದ ಹಳೆಯದೊಂದು ಅಗಲದ ಲೆನ್ಸ್ ತಂದ ವರ್ಷ ನನಗೆ ಬಹಳ ಹಿಗ್ಗು. ಅದರ ಜೊತೆ ಬಂದ ಚೀಟಿ ಇಂಗ್ಲಿಷಿನಲ್ಲಿತ್ತು. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟೆ. ಮದುವೆ ಮಂಟಪದ ಒಂದು ಮೂಲೆಯಲ್ಲಿ ನಿಂತರೆ ಇಡೀ ಮಂಟಪ ಒಳಗೆ ಬರುತ್ತಿತ್ತು. ಸಣ್ಣ ಖೋಲಿ ದೊಡ್ಡ ಹಾಲಿನ ಹಾಗೆ ಕಾಣುತ್ತಿತ್ತು. ಜನ "ಎಷ್ಟ ಹರವು ಬಂದೈತಿ ನೋಡು" ಎಂದು ಖುಷಿಪಡುತ್ತಿದ್ದರು. ನಾನೂ ಖುಷಿಪಡುತ್ತಿದ್ದೆ. ಅಂಚಿನಲ್ಲಿ ನಿಂತವರ ಮುಖ ಎಳೆದ ರಬ್ಬರಿನ ಹಾಗೆ ಆಗುತ್ತಿದ್ದದ್ದನ್ನು ನಾನು ನೋಡಿರಲಿಲ್ಲ. ಅಂಚಿನಲ್ಲಿ ನಿಲ್ಲುವವರು ದೂರದ ಸಂಬಂಧಿಕರು, ಕೆಲಸದವರು. ಅವರು ಬಂದು ದೂರು ಹೇಳುತ್ತಿರಲಿಲ್ಲ.

ಅದೇ ವರ್ಷ ನನ್ನ ಹೆಂಡತಿ ರೊಟ್ಟಿ ಮಾರಲು ಶುರು ಮಾಡಿದಳು. ಅವಳ ತವರು ಸುರಪುರದ ಹತ್ತಿರದ ದೇವಾಪುರ. ಅವರ ಮನೆಯ ಹೆಣ್ಣುಮಕ್ಕಳ ಕೈಯ ಜೋಳದ ರೊಟ್ಟಿ ಕಾಗದದಷ್ಟು ತೆಳುವು, ಹುಣ್ಣಿಮೆ ಚಂದ್ರನಷ್ಟು ದುಂಡು. ಮೊದಲು ಓಣಿಯವರು ಒಯ್ದರು, ಆಮೇಲೆ ಎರಡು ಖಾನಾವಳಿಯವರು ಕೇಳಿದರು. ಮನೆಯ ಮುಂದೆ ಒಂದು ಬೋರ್ಡು ಬೇಕು ಎಂದಾಯಿತು. ನಾನು ಇದ್ದೆನಲ್ಲ, ಫೋಟೋದವನು.

"ನನ್ನ ಫೋಟೋ ಯಾಕ್ರಿ? ರೊಟ್ಟಿದು ಹಾಕ್ರಿ, ಸಾಕು" ಎಂದಳು.

"ರೊಟ್ಟಿ ಎಲ್ಲಾರೂ ಮಾಡ್ತಾರ. ಮಾಡಾಕಿ ಯಾರು ಅಂತ ಕಾಣಬೇಕಲ್ಲ?" ಎಂದೆ.

ಅವಳು ಒಪ್ಪಿದಳು. ಆ ದಿನ ಸೀರೆ ಬದಲಿಸಿಕೊಂಡಳು, ಹಸಿರು ಸೀರೆ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಆಮೇಲೆ ಕುದಿನೀರಿನ ಎಸರು ಹಾಕಿದ ಹಿಟ್ಟು ನಾದಿ ಕೂತಳು. ನಾನು ಒಲೆಯ ಮಗ್ಗುಲಲ್ಲಿ ನೆಲಕ್ಕೆ ಅಂಟಿಕೊಂಡು ಕುಳಿತು, ಕ್ಯಾಮೆರಾ ಮೇಲಕ್ಕೆತ್ತಿ ಹಿಡಿದೆ. ಕೊಡಗಳು ಬರಲಿ, ಕಿಟಕಿ ಬರಲಿ, ರೊಟ್ಟಿಯ ಬುಟ್ಟಿ ಬರಲಿ ಎಂದು ಲೆನ್ಸನ್ನು ಪೂರಾ ಅಗಲ ಮಾಡಿದೆ.

"ರೊಟ್ಟಿ ಹಿಡಿದ ಕೈ ನನ್ನ ಕಡೆ ಚಾಚು. ಇನ್ನಾ ಜರಾ. ಹಾಂ, ಹಂಗ."

ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಅದು ಭಾರಿ ಚಂದ ಕಂಡಿತು. ಕೋಣೆಯೆಲ್ಲ ಬಂದಿತ್ತು. ಆರು ಅಡಿಯ ಕೋಣೆ ಹದಿನಾರು ಅಡಿಯ ಹಾಗೆ ಕಾಣುತ್ತಿತ್ತು. ಮುಖ ಎಲ್ಲಿ ಬಿದ್ದಿದೆ ಎಂದು ನಾನು ನೋಡಲಿಲ್ಲ. ನಾನು ನೋಡಿದ್ದು ಕೋಣೆಯನ್ನು.

ಫ್ಲೆಕ್ಸ್ ಅಂಗಡಿಯ ಹುಡುಗಿ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಅಣ್ಣಾರ, ಕೈ ಭಾಳ ಮುಂದ ಬಂದಂಗ ಆಗೇತಲ್ರಿ?"

"ಅದು ಡಿಸೈನ್ ತಂಗಿ. ಹಂಗ ಇರ್ತದ" ಎಂದೆ. ಎಂಟು ಅಡಿ ಅಗಲ, ಐದು ಅಡಿ ಎತ್ತರ ಎಂದು ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಸುರಪುರದ ರಸ್ತೆಗೆ ಮುಖ ಮಾಡಿ, ಮನೆಯ ಮುಂದಿನ ಎರಡು ಕಂಬಕ್ಕೆ ನಾನೇ ಬಿಗಿದು ಕಟ್ಟಿದೆ. ಕಟ್ಟಿ ಕೆಳಗಿಳಿದು, ರಸ್ತೆ ದಾಟಿ, ಆ ಕಡೆ ನಿಂತು ನೋಡಿದೆ. ಆಗ ಕಂಡಿತು.

ಮುಂದೆ ಚಾಚಿದ ಕೈ ಸಲಿಕೆಯಷ್ಟು ಅಗಲವಿತ್ತು. ಒಂದೊಂದು ಬೆರಳೂ ಕಬ್ಬಿನ ಗಣಿಕೆಯಷ್ಟು ದಪ್ಪ. ಆ ಕೈಯ ಹಿಂದೆ ಎಲ್ಲೋ ದೂರದಲ್ಲಿ, ಬಲಗಡೆಯ ಮೇಲಿನ ಮೂಲೆಯಲ್ಲಿ, ಸಣ್ಣದೊಂದು ತಲೆ. ಅದೂ ಒಂದು ಕಡೆಗೆ ಜಗ್ಗಿ, ಹಣೆ ವಾರೆಯಾಗಿ, ಕೆನ್ನೆ ಕಿವಿಯ ತನಕ ಹರಿದು ಹೋದ ಹಾಗೆ. ಗೋಡೆಗಳು ಅವಳ ಮೇಲೆ ಬೀಳುವಂತೆ ಒಳಕ್ಕೆ ವಾಲಿದ್ದವು. ಅಂಗೈ ಅಗಲದ ಪರದೆಯಲ್ಲಿ ಕಾಣದ್ದು ಎಂಟು ಅಡಿಯಲ್ಲಿ ಕಂಡಿತು.

ಇಳಿಸಿಬಿಡೋಣ ಎಂದು ನಾನು ರಸ್ತೆ ದಾಟುವಷ್ಟರಲ್ಲಿ ಎದುರಿನ ಚಹಾದ ಗಾಡಿಯ ಮುಂದೆ ನಾಲ್ಕು ಜನ ನಿಂತಿದ್ದರು.

"ಏ ಮಾಮಾ, ಅಕ್ಕಂದು ಒಂದು ಏಟಿಗೆ ಎಷ್ಟ ರೊಟ್ಟಿ ಆಗ್ತಾವೋ?"

"ಅಣ್ಣನ ಬೆನ್ನ ಮ್ಯಾಲ ಆ ಕೈ ಬಿದ್ದಿದ್ರ ಇವತ್ತ ಹಿಂಗ ನಿಂದರ್ತಿದ್ದಿಲ್ಲ ಬಿಡು."

"ನಮ್ಮ ಪೈಲ್ವಾನಗ ಹೇಳ್ರಲೇ, ಕುಸ್ತಿಗಿ ಜೋಡಿ ಸಿಕ್ಕೈತಿ!"

ನಗು ಕೇಳಿ ನನ್ನ ಹೆಂಡತಿ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು. ಫ್ಲೆಕ್ಸಿನ ಕೆಳಗೆ ಬಂದು ತಲೆಯೆತ್ತಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈ ತಾನಾಗಿಯೇ ಸೆರಗಿನ ಒಳಗೆ ಹೋಯಿತು. ನನ್ನ ಕಡೆ ತಿರುಗಿ, "ಚಲೋ ಐತ್ರಿ" ಎಂದಳು. ಒಳಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಪುಂಡಿಪಲ್ಯ ಬಡಿಸಿ, ರೊಟ್ಟಿ ಹಾಕಿ, ಎದುರಿಗೆ ಕೂತಳು.

"ಒಂದು ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಒಂಬತ್ತು ವರ್ಷ ಆತು ನಮ್ಮ ಮದುವಿ ಆಗಿ. ನನ್ನ ಮುಖ ಹಂಗೈತೇನ್ರಿ?"

"ನಿನ್ನ ಮುಖ ಹಂಗ್ಯಾಕ ಇರ್ತದ? ಅದು ಲೆನ್ಸಿಂದ ಹಂಗಾಗೇತಿ. ಹತ್ತಿರ ಇದ್ದದ್ದು ದೊಡ್ಡದ ಮಾಡ್ತದ, ಅಂಚಿನಾಗ ಇದ್ದದ್ದು ಜಗ್ತದ."

"ಲೆನ್ಸಿಗೆ ನಾ ಯಾರು ಅಂತ ಗೊತ್ತಿಲ್ಲ. ನಿಮಗ ಗೊತ್ತೈತಲ್ಲ? ತಗದ ಮ್ಯಾಲ ನೀವು ನೋಡಿದ್ದಿಲ್ಲೇನು?"

ನೋಡಿದ್ದೆ ಎಂದರೂ ತಪ್ಪು, ನೋಡಿರಲಿಲ್ಲ ಎಂದರೂ ತಪ್ಪು. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದೆ.

ಅವತ್ತೇ ಫ್ಲೆಕ್ಸ್ ಇಳಿಸಿದೆ. ನಮ್ಮ ಕಡೆ ಹಳೆಯ ಫ್ಲೆಕ್ಸನ್ನು ಯಾರೂ ಬಿಸಾಡುವುದಿಲ್ಲ. ಹುಟ್ಟುಹಬ್ಬದ ಫ್ಲೆಕ್ಸು ಕಣದ ರಾಶಿಯ ಮೇಲೆ ಬೀಳುತ್ತದೆ, ಚುನಾವಣೆಯದು ಎಮ್ಮೆಯ ಕೊಟ್ಟಿಗೆಗೆ ಹೋಗುತ್ತದೆ. ನಾನು ಅದನ್ನು ಮಗುಚಿ ಹಿತ್ತಲ ಕಟ್ಟಿಗೆಯ ಮೇಲೆ ಹೊದಿಸಿದೆ. ಮಳೆಗಾಲದಲ್ಲಿ ಬಾಜೂ ಮನೆಯವರು ಆಡಿನ ಗುಡಿಸಲಿಗೆ ಬೇಕೆಂದು ಕೇಳಿ ಒಯ್ದರು. ಅವರು ಅರ್ಧ ಕತ್ತರಿಸಿ ಬೀಗರಿಗೆ ಕೊಟ್ಟರು. ಅವರಿಂದ ಅದು ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಗೆ ಹೋಯಿತು. ಒಂದು ದಿನ ಸಂತೆಗೆ ಹೋಗುವಾಗ ನಾವಿಬ್ಬರೂ ನೋಡಿದೆವು. ಪಂಕ್ಚರ್ ಅಂಗಡಿಯ ಮಾಡಿನಿಂದ ಐದು ಬೆರಳು ಜೋತುಬಿದ್ದಿದ್ದವು. ನಾನು ತಲೆ ತಗ್ಗಿಸಿದೆ. ಅವಳು ನೋಡದವಳ ಹಾಗೆ ಮುಂದೆ ನಡೆದಳು.

ಅಲ್ಲಿಂದ ಮುಂದೆ ನನ್ನ ಕ್ಯಾಮೆರಾದ ಎದುರು ಅವಳು ಬರಲಿಲ್ಲ.

ಜಗಳವೇನೂ ಇಲ್ಲ. ರೊಟ್ಟಿಯ ಕೆಲಸ ನಡೆಯಿತು, ಬೋರ್ಡಿಗೆ ಬರೀ ಅಕ್ಷರ ಬರೆಸಿದೆವು. ಮಾತು, ನಗು, ಬೈಗುಳ ಎಲ್ಲ ಮೊದಲಿನ ಹಾಗೆಯೇ. ಆದರೆ ನಾನು ಕ್ಯಾಮೆರಾ ಎತ್ತಿದರೆ ಸಾಕು, ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ನನ್ನ ತಮ್ಮನ ಮಗಳ ತೊಟ್ಟಿಲ ಕಾರ್ಯದಲ್ಲಿ ಎಲ್ಲರೂ ನಿಂತರು, ಅವಳು "ಹಾಲು ಉಕ್ಕತೈತಿ" ಎಂದು ಹೋದಳು. ಅವಳ ತಂಗಿಯ ಮದುವೆಯ ಆಲ್ಬಮ್ಮಿನಲ್ಲಿ ಅವಳ ಬೆನ್ನು ಮೂರು ಕಡೆ ಇದೆ, ಸೆರಗು ಎರಡು ಕಡೆ ಇದೆ, ಮುಖ ಇಲ್ಲ. ಊರ ಮಂದಿಯ ಮುಖವೆಲ್ಲ ನನ್ನ ಸ್ಟುಡಿಯೋದ ಕಂಪ್ಯೂಟರಿನಲ್ಲಿತ್ತು. ನನ್ನ ಹೆಂಡತಿಯದು ಇರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಆ ಕಲ್ಲು ಎದೆಯ ಮೇಲೆ ಇಟ್ಟುಕೊಂಡೇ ನಾನು ಬೇರೆಯವರಿಗೆ "ಜರಾ ನಗ್ರಿ" ಎನ್ನುತ್ತಿದ್ದೆ.

ಆ ಎರಡು ವರ್ಷದಲ್ಲಿ ನಾನು ಲೆನ್ಸ್ ಕಲಿಯಲು ಕೂತೆ. ಮೊಬೈಲಿನಲ್ಲಿ ಹಿಂದಿ ವಿಡಿಯೋ ನೋಡಿದೆ, ಅರ್ಧ ತಿಳಿಯಿತು. ಸ್ಟುಡಿಯೋದಲ್ಲಿ ಗಿರಾಕಿ ಇಲ್ಲದಾಗ ಮೂರು ಒಂದೇ ನಮೂನೆಯ ತಂಬಿಗೆ ತಂದು, ಒಂದು ನಡುವೆ, ಎರಡು ಅಂಚಿಗೆ ಇಟ್ಟು ಫೋಟೋ ತೆಗೆದೆ. ನಡುವಿನದು ತಂಬಿಗೆಯಾಗಿಯೇ ಇರುತ್ತಿತ್ತು. ಅಂಚಿನವು ಹೊಟ್ಟೆ ಉಬ್ಬಿಸಿಕೊಂಡು ಹೊರಕ್ಕೆ ವಾಲುತ್ತಿದ್ದವು. ಕ್ಯಾಮೆರಾ ಮೇಲಕ್ಕೆತ್ತಿದರೆ ಹಿಂದಿನ ಗೋಡೆ ಒಳಕ್ಕೆ ವಾಲುತ್ತಿತ್ತು, ನೆಟ್ಟಗೆ ಹಿಡಿದರೆ ನೆಟ್ಟಗಾಗುತ್ತಿತ್ತು. ಇಷ್ಟು ನನಗೆ ತಿಳಿಯಿತು. ಕೈ ಮಾತ್ರ ತಿಳಿಯಲಿಲ್ಲ. ಮನುಷ್ಯನ ಮುಖ ನಡುವೆ ಇಟ್ಟರೂ ಕೈಯೋ ಮೊಣಕಾಲೋ ಒಂದು ಎದ್ದು ಮುಂದೆ ಬರುತ್ತಿತ್ತು.

ಅದನ್ನು ತಿಳಿಸಿದವರು ಸುರಪುರದ ಒಬ್ಬ ವಯಸ್ಸಾದ ಟೇಲರು. ಅವರ ಅಂಗಡಿ ನಮ್ಮ ಅಡುಗೆ ಕೋಣೆಗಿಂತ ಸಣ್ಣದು. ಮಷೀನಿನ ಮುಂದೆ ಕೂತ ಹಾಗೆ, ಅಂಗಡಿಯೆಲ್ಲ ಕಾಣುವ ಹಾಗೆ ಒಂದು ಫೋಟೋ ಬೇಕು ಎಂದು ಕರೆಸಿದ್ದರು. ತೆಗೆದು ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ಪರದೆಯನ್ನು ಮೂಗಿಗೆ ಹಚ್ಚಿ ನೋಡಿದರು.

"ತಮ್ಮಾ, ನನ್ನ ಎಡಗೈ ತೋಳು ಬಲಗೈಗಿಂತ ಆರು ಬೆರಳು ಉದ್ದ ಹೊಲದೀಯಲ್ಲೋ. ಇಂಥಾ ಅಂಗಿ ಕೊಟ್ರ ಗಿರಾಕಿ ನನ್ನ ಮಾರಿ ಮ್ಯಾಲ ಒಗದು ಹೋಗ್ತಾನ."

"ಅದು ಲೆನ್ಸ್ ಹಂಗ್ರಿ, ಕಾಕಾ."

"ಕತ್ತರಿ ಹಂಗೈತಿ ಅಂತ ನಾ ಗಿರಾಕಿಗಿ ಹೇಳಿದ್ರ ನಡಿತೈತೇನು?"

ಕೊರಳಲ್ಲಿದ್ದ ಟೇಪು ತೆಗೆದರು. ಒಂದು ತುದಿಯನ್ನು ನನ್ನ ಲೆನ್ಸಿಗೆ ಹಿಡಿಯಲು ಹೇಳಿ, ಇನ್ನೊಂದನ್ನು ತಮ್ಮ ಮೂಗಿಗೆ ತಂದರು. "ಇದು ಮೂರು ಫೂಟು." ಅಲ್ಲಿಂದ ಎಡಗೈಗೆ ತಂದರು. "ಇದು ಒಂದೂವರಿ. ಒಂದಕ್ಕೊಂದು ಡಬಲ್. ಹಿಂಗ ಅಳತಿ ಇಟ್ಟು ಬರೋಬ್ಬರಿ ಬರಬೇಕಂದ್ರ ಹ್ಯಾಂಗ ಬರ್ತದ?"

ಆಮೇಲೆ ಅವರೇ ಸ್ಟೂಲು ತಿರುಗಿಸಿ ಅಡ್ಡಲಾಗಿ ಕೂತರು. ಮೂಗಿಗೂ ಕೈಗೂ ಟೇಪು ಹಿಡಿದು ನೋಡಿದರು. ನನ್ನನ್ನು ಅಂಗಡಿಯ ಹೊರಗೆ, ಮೆಟ್ಟಿಲ ಕೆಳಗೆ, ಗಟಾರದ ಆಚೆ ದಬ್ಬಿದರು. ಟೇಪು ಸಾಲದೆ ಎರಡೆರಡು ಸಲ ಹಿಡಿದಾಗ ಕೈಗೆ ಆರೂವರೆ ಫೂಟು, ಮೂಗಿಗೆ ಏಳು ಫೂಟು ಎಂದಾಯಿತು. "ಈಗ ಹೊಡಿ" ಎಂದರು. ಅಂಗಡಿಯೂ ಬಂತು, ಅವರೂ ಬಂದರು, ಎರಡೂ ತೋಳು ಸಮ ಬಂದವು. ಹೊರಡುವಾಗ ಅಂಚು ಸವೆದ ಹಳೆಯ ಟೇಪೊಂದನ್ನು ನನ್ನ ಜೇಬಿಗೆ ತುರುಕಿದರು.

ಬಸ್ಸಿನಲ್ಲಿ ಶಹಾಪುರಕ್ಕೆ ಬರುವವರೆಗೆ ನನ್ನ ತಲೆಯಲ್ಲಿ ನಮ್ಮ ಅಡುಗೆ ಕೋಣೆಯೇ ಇತ್ತು. ನಮ್ಮಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಅವತ್ತು ನಾನು ಒಲೆಯ ಮಗ್ಗುಲಲ್ಲಿ ಕೂತಿದ್ದೆ, ಅವಳ ಕೈ ಒಂದು ಗೇಣು ದೂರದಲ್ಲಿತ್ತು. ಅವಳನ್ನೇ ಒಲೆಯ ಕಡೆ ಕೂಡಿಸಿ ನಾನು ಹೊಸ್ತಿಲ ಮೇಲೆ ನಿಂತರೆ? ಬಾಗಿಲು ಒಳಕ್ಕೆ ತೆರೆಯುತ್ತದೆ, ಅದರ ಹಲಗೆ ಅಡ್ಡ ಬರುತ್ತದೆ. ಹಲಗೆ ತೆಗೆದುಬಿಟ್ಟರೆ?

ಮರುದಿನ ಬೆಳಿಗ್ಗೆ ಅವಳು ಖಾನಾವಳಿಗೆ ರೊಟ್ಟಿ ಕೊಡಲು ಹೋದಾಗ ನಾನು ಬಾಗಿಲನ್ನು ಬಿಜಾಗರಿಯಿಂದ ಕಳಚಿ ಗೋಡೆಗೆ ಒರಗಿಸಿದೆ. ಒಲೆಯ ಪಕ್ಕ ಒಂದು ಕೊಡ ಇಟ್ಟು, ಅದರ ಮೇಲೊಂದು ತಂಬಿಗೆ ಬೋರಲು ಹಾಕಿ, ಅದೇ ಅವಳ ತಲೆ ಎಂದುಕೊಂಡೆ. ಹೊಸ್ತಿಲಿನಿಂದ ಟೇಪು ಹಿಡಿದೆ. ಅಷ್ಟರಲ್ಲಿ ಅವಳು ಖಾಲಿ ಬುಟ್ಟಿ ಹಿಡಿದುಕೊಂಡು ಬಂದಳು.

"ಬಾಗಲ ಯಾಕ ಕಿತ್ತೀರಿ?"

"ಸುಮ್ನ. ಹುಳ ಹಿಡದಿತ್ತು."

"ಕೊಡದ ಅಳತಿ ಯಾಕ? ಅದಕ್ಕೂ ಅಂಗಿ ಹೊಲಸ್ತೀರೇನು?"

ಅವಳು ಕೊಡ ನೋಡಿದಳು, ತಂಬಿಗೆ ನೋಡಿದಳು, ನನ್ನ ಕೊರಳಿನ ಕ್ಯಾಮೆರಾ ನೋಡಿದಳು. ತಿಳಿಯಿತು. ಬುಟ್ಟಿ ಕೆಳಗಿಟ್ಟು, ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಳು. ಇವಳು ಈಗ ಹಿತ್ತಲಿಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ಕೊಡ ತಗೀರಿ. ನೀವ ಕುಂದ್ರಿ ಅಲ್ಲಿ" ಎಂದಳು.

"ನಾನ?"

"ಹಾಂ, ನೀವ. ಆ ಡಬ್ಬಿ ಇಲ್ಲಿ ಕೊಡ್ರಿ. ಅದು ಏನ ಮಾಡ್ತದ ನಾ ನೋಡಬೇಕು."

ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿದೆ. ಯಾವ ಕಣ್ಣು ಮುಚ್ಚಬೇಕು, ಎಲ್ಲಿ ನೋಡಬೇಕು ಎಂದು ಹೇಳಿದೆ. ಹೋಗಿ ಕೊಡ ಸರಿಸಿ ಒಲೆಯ ಪಕ್ಕ ಕೂತೆ. ಅವಳು ಅವತ್ತು ನಾನು ಕೂತಷ್ಟೇ ಹತ್ತಿರ, ಬಾಗಿಲಿಗೆ ಬೆನ್ನು ಮಾಡಿ, ಕುಕ್ಕರುಗಾಲಿನಲ್ಲಿ ಕೂತು ಕ್ಯಾಮೆರಾ ಕಣ್ಣಿಗೆ ಹಚ್ಚಿದಳು. ನನ್ನ ಮುಖದ ಹತ್ತಿರ ತಂದಳು.

"ಅಯ್ಯ ಶಿವನ! ಮೂಗು ಬದನಿಕಾಯಿ ಆಗೇತಿ! ಕಿವಿ ಎಲ್ಲಿ ಹೋದವ್ರಿ ನಿಮ್ಮವು?"

ಅವಳು ನಕ್ಕಳು. ಕ್ಯಾಮೆರಾ ಅಲುಗುವಷ್ಟು ನಕ್ಕಳು. ಆ ಫ್ಲೆಕ್ಸಿನ ಮಾತು ನಡುವೆ ಇದ್ದಾಗ ಅವಳು ನಕ್ಕದ್ದು ಎರಡು ವರ್ಷದಲ್ಲಿ ಅದೇ ಮೊದಲು.

"ಕೈ ಚಾಚ್ರಿ. ಇನ್ನಾ ಜರಾ. ಹಾಂ, ಹಂಗ" ಎಂದಳು. ನನ್ನದೇ ಮಾತು. "ಯವ್ವಾ, ಇದೇನಿದು, ಸಲಿಕಿ! ನಮ್ಮ ಹೊಲಕ್ಕ ಬರ್ತೀರೇನು, ಬದು ಹಾಕಾಕ?"

"ಬೈಯಿ, ಬೈಯಿ. ಬೈಸ್ಕೊಳ್ಳಾಕ ಕುಂತೇನಿ."

ಅವಳು ಎದ್ದಳು. ಕಣ್ಣು ತೆಗೆಯದೆ ಒಂದು ಹೆಜ್ಜೆ ಹಿಂದೆ ಹೋದಳು. ನಿಂತಳು. "ಮೂಗು ಇಳೀತು" ಎಂದಳು. ಇನ್ನೊಂದು ಹೆಜ್ಜೆ. "ಕಿವಿ ಬಂದ್ವು." ನನ್ನನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಅಂಚಿಗೆ ಹೋದಾಗ ಮುಖ ಜಗ್ಗುವುದನ್ನು ಅವಳೇ ಕಂಡುಹಿಡಿದಳು. ನಿಂತು ನೋಡಿದರೆ ತಲೆ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ ಎಂದು ತಿಳಿದು, ಬಗ್ಗಿ ನನ್ನ ಗದ್ದದ ಸಮಕ್ಕೆ ಕ್ಯಾಮೆರಾ ತಂದಳು. ನಾನು ಮೂರು ತಂಬಿಗೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿತದ್ದನ್ನು ಅವಳು ನನ್ನ ಮುಖ ಇಟ್ಟುಕೊಂಡು ಒಂದು ತಾಸಿನಲ್ಲಿ ಕಲಿತಳು. ಕಡೆಗೆ ಹೊಸ್ತಿಲಿಗೆ ಹಿಮ್ಮಡಿ ತಾಗಿತು.

"ಈಗ ಬಂದ್ರಿ ನೋಡ್ರಿ ನೀವು" ಎಂದಳು.

ಕ್ಯಾಮೆರಾ ಇಳಿಸಿ, ಪರಾತದಿಂದ ಒಂದು ಚಿಟಿಕೆ ಹಿಟ್ಟು ತೆಗೆದು, ತಾನು ನಿಂತ ಜಾಗದಲ್ಲಿ ಫರಸಿಯ ಮೇಲೆ ಗೆರೆ ಎಳೆದಳು.

"ಇದನ್ನ ದಾಟಿ ಒಳಗ ಬರಬಾರ್ದು. ಒಳಗ ಬಂದ್ರ ನಾ ಏಳ್ತೇನಿ."

ನನ್ನನ್ನು ಎಬ್ಬಿಸಿ ತಾನು ಕೂತಳು. ಸೀರೆ ಬದಲಿಸಲಿಲ್ಲ, ತಲೆ ಬಾಚಲಿಲ್ಲ. ಉಳಿದ ಹಿಟ್ಟು ನಾದಿ, ಹಂಚು ಕಾಯಲು ಇಟ್ಟು ಕೆಲಸ ಶುರು ಮಾಡಿದಳು. ಟೇಲರ್ ಕಾಕಾ ಹೇಳಿದ ಹಾಗೆ ಕೈಗೂ ಮುಖಕ್ಕೂ ಒಂದೇ ದೂರ ಬರಲು ಸ್ವಲ್ಪ ಅಡ್ಡಲಾಗಿ ಕೂಡು ಎಂದೆ, ಕೂತಳು. ನಾನು ಗೆರೆಯ ಹೊರಗೆ ಮೊಣಕಾಲೂರಿದೆ. ಕೊಡಗಳು ಬರಲಿ, ಬಿಡಲಿ. ಮೊದಲು ಅವಳ ಮುಖ ನಡುವೆ ಬಂತೇ ನೋಡಿದೆ. ಆಮೇಲೆ ಗೋಡೆ ನೆಟ್ಟಗಿದೆಯೇ ನೋಡಿದೆ. ಆಮೇಲೆ ಮತ್ತೆ ಅವಳನ್ನೇ ನೋಡಿದೆ. ಕಿಟಕಿಯ ಬೆಳಕು ಕೆನ್ನೆಯ ಮೇಲಿತ್ತು. ಕಿವಿಯ ಮುಂದೆ ಒಂದು ಮಚ್ಚೆ ಇದೆ ಅವಳಿಗೆ. ಅಷ್ಟು ವರ್ಷ ಇದ್ದದ್ದೇ. ಅದನ್ನು ನಾನು ಅಷ್ಟು ಹೊತ್ತು ನೋಡಿರಲಿಲ್ಲ.

ಮೂರು ಫೋಟೋ ತೆಗೆದೆ. ಮೂರನೆಯದರಲ್ಲಿ ಅವಳು ರೊಟ್ಟಿಗೆ ನೀರಿನ ಅರಿವೆ ಸವರುತ್ತ ಕಣ್ಣೆತ್ತಿ ನನ್ನನ್ನು ನೋಡಿದ್ದಳು.

"ತೋರಸ್ರಿ" ಎಂದು ಕೈ ಚಾಚಿದಳು. ಆಮೇಲೆ ತಾನೇ ಕೈ ಹಿಂದಕ್ಕೆಳೆದಳು. "ಬ್ಯಾಡ. ಇದರಾಗ ಎಲ್ಲಾನೂ ಚಂದ ಕಾಣ್ತದ. ದೊಡ್ಡದರಾಗ ನೋಡೂಣು."

ಮಧ್ಯಾಹ್ನ ಸ್ಟುಡಿಯೋಕ್ಕೆ ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ನಾನು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿದೆ. "ಇನ್ನಾ ದೊಡ್ಡದು" ಎಂದಳು. ಪರದೆಯ ತುಂಬ ಅವಳ ಮುಖ ಬಂತು. ಹಣೆಯಿಂದ ಗದ್ದದ ತನಕ ನಿಧಾನವಾಗಿ ನೋಡಿದಳು, ಕಾಳು ಆರಿಸುವ ಹಾಗೆ. ಕೈ ತೋರಿಸಲು ಹೇಳಿದಳು. ತನ್ನ ಬಲಗೈಯನ್ನು ಎತ್ತಿ ಪರದೆಯ ಕೈಯ ಪಕ್ಕ ಹಿಡಿದು ನೋಡಿದಳು. 

"ನನ್ನ ಕೈನ ಇದು" ಎಂದಳು.

ಅಷ್ಟರಲ್ಲಿ ಅವಳ ಬೆರಳು ಫೋಟೋದ ಎಡ ಅಂಚಿಗೆ ಹೋಯಿತು. ಅಲ್ಲಿ, ಬಾಗಿಲ ಹತ್ತಿರ, ಬೆಳಿಗ್ಗೆ ಮನೆಗೆಂದು ಬಡಿದಿಟ್ಟ ರೊಟ್ಟಿಗಳ ಇನ್ನೊಂದು ಬುಟ್ಟಿ ಇತ್ತು.

"ಇದೇನ್ರಿ ಇದು? ರೊಟ್ಟಿ ಸೌತಿಕಾಯಿ ಆಗ್ಯಾವಲ್ಲ?"

"ಅಂಚಿಗೆ ಬಂದಾವಲ್ಲ, ಅದಕ್ಕ ಜಗ್ಗ್ಯಾವ."

"ನಮ್ಮ ಅವ್ವ ಇದನ್ನ ನೋಡಿದ್ರ ಏನಂತಾಳ? ದೇವಾಪುರದ ಮಗಳು ಹಿಂಗ ಬಡಿತಾಳ ಅಂತ ನಾಕ ಮಂದಿ ಆಡ್ಕೊಳ್ಳಂಗಿಲ್ಲೇನು? ನನ್ನ ನೆಟ್ಟಗ ಮಾಡಿ ರೊಟ್ಟಿ ಕೆಡಿಸೀರಿ!"

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ನಗು ಬರಲಿಲ್ಲ. ರೊಟ್ಟಿಯ ದುಂಡು ಅವಳಿಗೆ ಮುಖಕ್ಕಿಂತ ಕಡಿಮೆಯದಲ್ಲ. ಅಂಚು ಕತ್ತರಿಸಬಹುದು, ಆದರೆ ಬುಟ್ಟಿಯೇ ಹೋಗುತ್ತದೆ ಎಂದೆ. ಆ ಕಡೆ ಕತ್ತರಿಸಿದರೆ ಸಮ ಮಾಡಲು ಈ ಕಡೆಯ ಕೊಡಗಳೂ ಹೋಗುತ್ತವೆ ಎಂದೆ.

"ಹೋಗ್ಲಿ. ಕೊಡ ಎಲ್ಲಾರ ಮನ್ಯಾಗ ಇರ್ತಾವ. ಹಂಚಿನ ಮ್ಯಾಲ ಇದ್ದದ್ದು ದುಂಡಗ ಐತಿ, ಅದೊಂದು ಸಾಕು."

ಕತ್ತರಿಸಿದೆ. ಅವಳೂ, ಒಲೆಯೂ, ಕಿಟಕಿಯ ಬೆಳಕೂ, ಒಂದು ದುಂಡನೆಯ ರೊಟ್ಟಿಯೂ ಉಳಿದವು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಇದನ್ನ ಯಾರಿಗೂ ತೋರಸಬ್ಯಾಡ್ರಿ. ನಿಮ್ಮ ಹತ್ರನ ಇರ್ಲಿ."

ಇಟ್ಟುಕೊಂಡೆ. ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತ್ತು. ಆದರೂ ಮುಂದಿನ ವಾರ ಓಣಿಯಲ್ಲಿ ಒಬ್ಬರ ಮನೆಯ ಸೀಮಂತಕ್ಕೆ ಹೋದಾಗ, ಎಲ್ಲರೂ ಸಾಲಾಗಿ ನಿಂತಾಗ, ಅವಳು ಮತ್ತೆ ಆರತಿ ತಟ್ಟೆ ತೊಳೆಯಲು ಹೋದಳು. ಗೆರೆಯ ಈ ಕಡೆ ನಾನು, ಆ ಕಡೆ ಅವಳು, ನಾವಿಬ್ಬರೇ ಇದ್ದಾಗ ಮಾತ್ರ ಆಗುವ ಕೆಲಸ ಅದು ಎಂದು ತಿಳಿದುಕೊಂಡೆ. ನಾಲ್ಕು ಜನರ ಎದುರು ನನ್ನ ಕ್ಯಾಮೆರಾದ ಮುಂದೆ ನಿಲ್ಲುವಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ. ನಾನು ಕೇಳಲೂ ಇಲ್ಲ.

ಜೋಳದ ಸುಗ್ಗಿ ಮುಗಿದ ಮೇಲೆ ಒಂದು ದಿನ ಅವಳೇ ಮಾತು ತೆಗೆದಳು. "ಆಯ್ತವಾರ ದೇವಾಪುರಕ್ಕ ಹೋಗೂಣು. ನಿಮ್ಮ ಡಬ್ಬಿ ತಗೋರಿ. ಅವ್ವಂದು ಒಂದೂ ಫೋಟೋ ಇಲ್ಲ, ಆಧಾರ ಕಾರ್ಡಿನದು ಬಿಟ್ರ. ಅದರಾಗ ಕಳ್ಳಿ ಹಂಗ ಕಾಣ್ತಾಳ."

ನನ್ನ ಅತ್ತೆ ಕೂಲಿ ಮಾಡಿ ನಾಲ್ಕು ಮಕ್ಕಳನ್ನು ಬೆಳೆಸಿದಾಕೆ. ಈಗಲೂ ಬೆಳಿಗ್ಗೆ ಕಳೆ ಕಸ ತೆಗೆಯಲು ಹೊಲಕ್ಕೆ ಹೋಗಿ ಬರುತ್ತಾಳೆ. ನಾವು ಹೋದಾಗ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಅಲ್ಲೇ ತೆಗೆಯೋಣ ಎಂದಾಯಿತು. ಹಿಂದೆ ಜೋಳದ ಚೀಲಗಳು, ಮೇಲೆ ಜಂತಿಗೆ ಕಟ್ಟಿದ ಬೀಜದ ತೆನೆಗಳು, ಎಲ್ಲ ಬರಬೇಕು. ಸುದ್ದಿ ತಿಳಿದು ಓಣಿಯ ಹೆಂಗಸರು ಆರೇಳು ಜನ ಅಂಗಳದಲ್ಲಿ ಬಂದು ನಿಂತರು.

"ಮಾಡಾಕ ಬ್ಯಾರೆ ಕೆಲಸ ಇಲ್ಲೇನು ನಿಮಗ" ಎಂದು ಅತ್ತೆ ಬೈದಳು. ಬೈಯುತ್ತಲೇ ಸೆರಗು ಸರಿಮಾಡಿಕೊಂಡಳು.

ನಾನು ಲೆನ್ಸ್ ಹಾಕಿ, ಬಗ್ಗಿ, ಒಂದು ಹೆಜ್ಜೆ ಮುಂದಿಟ್ಟೆ. ಹಿಂದಿನಿಂದ ಅಂಗಿ ಎಳೆದ ಹಾಗಾಯಿತು. ನನ್ನ ಹೆಂಡತಿ ಅಂಗಿಯ ಚುಂಗು ಹಿಡಿದಿದ್ದಳು.

"ಹಿಂದ ಬರ್ರಿ. ಇನ್ನಾ. ಅವ್ವನ ಮೊಣಕಾಲು ಮುಂದ ಬರ್ತಾವ."

"ಗಂಡನ್ನ ಹಂಗ ಎತ್ತಿನಂಗ ಯಾಕ ಜಗ್ತೀಬೇ?" ಎಂದಳು ಅತ್ತೆ. ಅಂಗಳದ ಹೆಂಗಸರು ನಕ್ಕರು.

"ನೀ ಸುಮ್ಮ ಕುಂದ್ರು ಯವ್ವಾ. ನಿನಗ ಗೊತ್ತಾಗಂಗಿಲ್ಲ. ಆ ಕಾಲ ಮಡಚು. ಹಾಂ. ಚೀಲದ ಕಡೆ ಸರಕೋ, ನಡಕ್ಕ ಬಾ."

ತಾನೇ ಹೋಗಿ ಅವ್ವನ ಮೊಣಕಾಲು ಒಳಗೆ ಮಡಚಿ, ಶೇಂಗಾದ ಮೊರವನ್ನು ಅಂಚಿನಿಂದ ಎತ್ತಿ ಅವ್ವನ ಮಗ್ಗುಲಿಗೆ ತಂದಿಟ್ಟಳು. ಬಗ್ಗಿದವಳು ಹಾಗೆಯೇ ಅಲ್ಲಿ ನಿಂತಳು. ನನ್ನನ್ನು ನೋಡಿದಳು. ಅಂಗಳದಲ್ಲಿ ನಿಂತವರನ್ನು ನೋಡಿದಳು.

"ತಡೀರಿ" ಎಂದಳು. "ನಾನೂ ಬರ್ತೇನಿ."

ಅವ್ವನ ಪಕ್ಕ, ಭುಜಕ್ಕೆ ಭುಜ ತಾಗಿಸಿ ಕೂತಳು. ಇಬ್ಬರ ನಡುವೆ ಮೊರ. ಅವಳು ಒಂದು ಶೇಂಗಾ ಎತ್ತಿಕೊಂಡು ಸುಲಿಯಲು ಶುರು ಮಾಡಿದಳು, ಅವ್ವನೂ ಸುಲಿದಳು. ಸೆರಗು ಹೆಗಲ ಮೇಲೆಯೇ ಇತ್ತು, ಮುಖದ ಹತ್ತಿರ ಬರಲಿಲ್ಲ.

"ಇಬ್ಬರೂ ಬಂದೀವೇನ್ರಿ? ಜಗ್ಗಿಲ್ಲಲ್ಲ?" ಎಂದು ಕೇಳಿದಳು.

ಇಬ್ಬರಾದ ಮೇಲೆ ಜಾಗ ಸಾಲದು. ನಾನು ಪಡಸಾಲೆಯ ಕಟ್ಟೆಯಿಂದ ಹಿಮ್ಮುಖವಾಗಿ ಅಂಗಳಕ್ಕೆ ಇಳಿದೆ. ಹೆಂಗಸರು ದಾರಿ ಬಿಟ್ಟರು. ಕ್ಯಾಮೆರಾ ಅವರಿಬ್ಬರ ಗದ್ದಕ್ಕೆ ಸಮ ಬರುವ ಹಾಗೆ ಮಣ್ಣಿನಲ್ಲಿ ಮೊಣಕಾಲೂರಿ, ಮೊದಲು ಅವಳ ಮುಖ ನೋಡಿದೆ, ಆಮೇಲೆ ಅತ್ತೆಯದು.

"ಬಂದೀರಿ" ಎಂದೆ.